ಶಾಮಿಯಾನದ ಸುಂದ್ರಮ್ಮ ಮತ್ತು ಮಗಳ ರೆಕ್ಕೆ

ಬೆಳಗಿನ ಐದೂವರೆ ಗಂಟೆ. ಶಹಾಪುರದಿಂದ ಆರೇಳು ಕಿಲೋಮೀಟರ್ ಆಚೆ, ಹತ್ತಿ ಹೊಲಗಳ ನಡುವಿನ ಬಯಲಿನಲ್ಲಿ ಸುಂದ್ರಮ್ಮ ಮಂಡಿಯೂರಿ ಕೂತಿದ್ದಾರೆ. ಹಣೆಗೆ ಪಟ್ಟಿ ಸುತ್ತಿ ಕಟ್ಟಿಕೊಂಡ ಬ್ಯಾಟರಿ ಬಿಟ್ಟರೆ ಸುತ್ತ ಬೇರೆ ಬೆಳಕಿಲ್ಲ. ಮುಂದೆ ತಾಡಪತ್ರಿಯ ಮೇಲೆ ಕಿತ್ತಳೆ ಬಣ್ಣದ ತೆಳು ಬಟ್ಟೆ ಉದ್ದಕ್ಕೆ ಹರವಿಕೊಂಡಿದೆ. ಅದರಿಂದ ಹೊರಟ ನೂರಾರು ಸಣ್ಣ ಹಗ್ಗಗಳನ್ನು ಅವರು ಒಂದೊಂದಾಗಿ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಜಾರಿಸುತ್ತಾರೆ. ಒಂದು ಹಗ್ಗದ ಹತ್ತಿರ ಬೆರಳು ನಿಲ್ಲುತ್ತದೆ. ಹಿಂದಕ್ಕೆ ಹೋಗಿ ಮತ್ತೊಮ್ಮೆ ಜಾರಿಸುತ್ತಾರೆ. ಏನಿಲ್ಲ, ಹುಲ್ಲಿನ ಎಸಳು.

“ಕಣ್ಣು ಸುಳ್ಳು ಹೇಳ್ತದ್ರಿ, ಅದೂ ಈ ಹೊತ್ತಿನಾಗ. ಬೆರಳು ಹೇಳಂಗಿಲ್ಲ” ಎನ್ನುತ್ತಾರೆ, ತಲೆ ಎತ್ತದೆಯೇ.

ಸ್ವಲ್ಪ ದೂರದಲ್ಲಿ ಮೂರು ಗಾಲಿಯ, ಎರಡು ಸೀಟಿನ ಗಾಡಿಯೊಂದು ನಿಂತಿದೆ. ಅದರ ಬೆನ್ನಿಗೆ ಎಂಜಿನ್, ಜಾಲರಿಯೊಳಗೆ ಆಳೆತ್ತರದ ಫ್ಯಾನ್. ಇದೇ ಪ್ಯಾರಾಮೋಟರ್. ಬಟ್ಟೆಯ ರೆಕ್ಕೆ ಇದಕ್ಕೆ ಜೋಡಿಯಾದರೆ ಓಡಿಸುವವರ ಜೊತೆ ಇನ್ನೊಬ್ಬರು ಆಕಾಶಕ್ಕೆ ಹೋಗಿ ಬರಬಹುದು. ಓಡಿಸುವವಳು ಸುಂದ್ರಮ್ಮನ ಮಗಳು, ಇಪ್ಪತ್ತೊಂಬತ್ತರ ಪರಿಮಳಾ. ಟೇಬಲ್ ಹಾಕಿಕೊಂಡು, ಬಂದವರ ತೂಕ ನೋಡಿ, ಹೆಸರು ಬರೆದು, ಹೆಲ್ಮೆಟ್ ಕಟ್ಟುವವರು ಸುಂದ್ರಮ್ಮನ ಗಂಡ ಮರಿಲಿಂಗಪ್ಪ. ಬಂದವರೆಲ್ಲ ಪರಿಮಳಾ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಮರಿಲಿಂಗಪ್ಪನವರ ಚಹಾ ಹೊಗಳುತ್ತಾರೆ. ತಾಡಪತ್ರಿ ಮಡಚುತ್ತಿರುವ ಅರವತ್ತರ ಹತ್ತಿರದ ಹೆಂಗಸನ್ನು ಕೂಲಿಯಾಳು ಎಂದುಕೊಂಡು ದಾಟಿ ಹೋಗುತ್ತಾರೆ.

ಆದರೆ ಈ ಬಯಲಿನಲ್ಲಿ ಅವರ ಮಾತಿಲ್ಲದೆ ಎಂಜಿನ್ ಚಾಲೂ ಆಗುವುದಿಲ್ಲ. ಬೆಳಕು ಹರಿಯುತ್ತಿದ್ದಂತೆ ಸುಂದ್ರಮ್ಮ ಬದುವಿಗೆ ಹೋಗಿ, ಬಿರಿದ ಕಾಯಿಯಿಂದ ಒಂದು ಚಿಟಿಕೆ ಹತ್ತಿ ಕಿತ್ತು, ಎಳೆ ಎಳೆಯಾಗಿ ಬಿಡಿಸಿ ಗಾಳಿಗೆ ಬಿಡುತ್ತಾರೆ. ಅದು ಹೋಗುವ ದಿಕ್ಕನ್ನೂ ಹೋಗುವ ರೀತಿಯನ್ನೂ ನೋಡುತ್ತಾರೆ. ಇನ್ನೊಂದು ಎಳೆ. ಮತ್ತೊಂದು. ಗಾಳಿ ಅಳೆಯುವ ಯಂತ್ರ ಪರಿಮಳಾಳ ಕೈಯಲ್ಲೂ ಇದೆ. ಆದರೂ ಅವಳು ಗಾಡಿಯ ಮೇಲೆ ಕೂತು ಅವ್ವನ ಕಡೆಗೇ ನೋಡುತ್ತಿರುತ್ತಾಳೆ.

“ಹೊಂಡು” ಎಂದು ಹೊರಡಲು ಹೇಳುತ್ತಾರೆ ಸುಂದ್ರಮ್ಮ. ಅಷ್ಟೇ.

ಶಹಾಪುರ, ಸುರಪುರದ ಕಡೆ ಇಪ್ಪತ್ತು ವರ್ಷದ ಹಿಂದೆ ಮದುವೆಯಾದವರಲ್ಲಿ ಎಷ್ಟೋ ಜನ ಸುಂದ್ರಮ್ಮನ ಹೊಲಿಗೆಯ ಕೆಳಗೆ ಕೂತು ಅಕ್ಕಿಕಾಳು ಹಾಕಿಸಿಕೊಂಡವರು. ಮರಿಲಿಂಗಪ್ಪನವರದು ಶಾಮಿಯಾನ ಬಾಡಿಗೆ ಕೊಡುವ ಅಂಗಡಿ. ಕೆಂಪು, ಹಳದಿ, ಹಸಿರು ಪಟ್ಟೆಯ ದಪ್ಪ ಬಟ್ಟೆಗಳನ್ನು ಹೊಲಿಯುತ್ತಿದ್ದವರು ಹೆಂಡತಿ. ಅಂಚಿಗೆ ಹಗ್ಗ ಸೇರಿಸಿ ಹೊಲಿಯುವುದು, ಕಂಬದ ತುದಿ ತಾಗುವ ಕಡೆ ಚರ್ಮದ ತುಂಡು ಕೂರಿಸುವುದು, ಮಳೆಗಾಲ ಮುಗಿದ ಮೇಲೆ ಎಲ್ಲವನ್ನೂ ಬಿಸಿಲಿಗೆ ಹಾಕಿ ಇಲಿ ಕಡಿದಲ್ಲಿ ತೇಪೆ ಹಚ್ಚುವುದು. ಬುದ್ಧ ಜಯಂತಿಗೆ ಓಣಿಯ ವಿಹಾರದ ಮುಂದೆ ಹಾಕುತ್ತಿದ್ದ ಬಿಳಿ ಶಾಮಿಯಾನಕ್ಕೆ ಬಾಡಿಗೆ ಇರಲಿಲ್ಲ. ಅದು ಮನೆಯ ಸೇವೆ.

“ಆಗಿನ ಮದುವಿ ಅಂದ್ರ ಮೂರು ದಿನ ನಮ್ಮ ಬಟ್ಟಿ ಅಲ್ಲೇ ಇರ್ತಿತ್ತು. ಅದರ ನೆರಳಿನಾಗ ಹೆಣ್ಮಕ್ಕಳು ಹಾಡ್ತಿದ್ರು, ಮುದುಕರು ಮಲಗ್ತಿದ್ರು. ವಾಪಸ್ ಬಂದ ಬಟ್ಟಿ ಮಡಚಬೇಕಾದ್ರ ಅರಿಶಿಣದ ವಾಸನಿ ಬರ್ತಿತ್ರಿ. ಯಾರ ಮನಿ ಮದುವಿ ಹೆಂಗಾತು ಅಂತ ನಾ ವಾಸನಿ ಮ್ಯಾಲೇ ಹೇಳ್ತಿದ್ದೆ” ಎಂದು ಸುಂದ್ರಮ್ಮ ನೆನೆಯುತ್ತಾರೆ. ಮರಿಲಿಂಗಪ್ಪ ಪಕ್ಕದಲ್ಲಿ ನಗುತ್ತಾರೆ. “ಸಾರು ಚೆಲ್ಲಿದ್ದೂ ಹೇಳ್ತಿದ್ಳು. ತೊಳೆಯೋದು ನಾನಲ್ಲೇನ್ರಿ.”

ಆಮೇಲೆ ಊರೂರಿಗೆ ಫಂಕ್ಷನ್ ಹಾಲ್ ಬಂದವು. ಬಯಲಲ್ಲಿ ಕಂಬ ನೆಡುವ ಮದುವೆ ಕಡಿಮೆಯಾಯಿತು. ಶಾಮಿಯಾನಗಳು ಗಂಟಾಗಿ ಅಟ್ಟ ಸೇರಿದವು. ಸುಂದ್ರಮ್ಮ ಶಾಲೆಯ ಸಮವಸ್ತ್ರ ಹೊಲಿಯಲು ಕೂತರು.

ಮಗಳ ಕಥೆ ಬೇರೆ. ಕಲಬುರಗಿಯ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ ಪರಿಮಳಾ ಒಂದು ಶಿಬಿರದಲ್ಲಿ, ಜೀಪು ಎಳೆಯುವ ಪ್ಯಾರಾಚೂಟಿನಲ್ಲಿ ಮೇಲಕ್ಕೆ ಹೋಗಿ ಬಂದಳು. ಅವತ್ತು ಸಂಜೆ ಮನೆಗೆ ಫೋನ್ ಮಾಡಿ, “ಯವ್ವಾ, ಬೇವಿನ ಗಿಡದಕ್ಕಿಂತ ಮ್ಯಾಲ ಹೋಗಿದ್ದೆ” ಎಂದಳಂತೆ. ಬಟ್ಟೆ ಯಾವುದು, ಹೊಲಿಗೆ ಒಂದೆಳೆಯದೋ ಎರಡೆಳೆಯದೋ ಎಂದು ಅವ್ವ ಕೇಳಿದರು. ಪದವಿ ಮುಗಿಸಿ, ಖಾಸಗಿ ಶಾಲೆಯೊಂದರಲ್ಲಿ ಆಟ ಕಲಿಸುತ್ತಾ, ರಜೆಯಲ್ಲೆಲ್ಲ ಪುಣೆ ಕಡೆಯ ಗುಡ್ಡಗಳಿಗೆ ಹೋಗಿ ಹಾರಾಟ ಕಲಿತಳು. ಐದು ವರ್ಷ ಅಲ್ಲಿಯೇ ಪ್ರವಾಸಿಗರನ್ನು ಹಾರಿಸುವ ಕೆಲಸವನ್ನೂ ಮಾಡಿದಳು. ಒಂದು ದಿನ ಬಂದು, ಇದನ್ನು ನಮ್ಮೂರಲ್ಲೇ ಮಾಡೋಣ ಎಂದಳು.

ಸುರಪುರ ರಸ್ತೆಯಲ್ಲಿದ್ದ ಒಂದೇ ಒಂದು ಪ್ಲಾಟು ಮಾರಿದ ಹಣ ಗಾಡಿಯಾಗಿ, ರೆಕ್ಕೆಯಾಗಿ ಬಂತು. ಪರವಾನಗಿಯ ಕಾಗದಗಳಿಗೆ ಏಳು ತಿಂಗಳು ಹಿಡಿಯಿತು. ಕಳೆದ ವರ್ಷ ದಸರೆಯ ಮರುದಿನ ಮೊದಲ ಹಾರಾಟ. ಜನ ಇಟ್ಟ ಹೆಸರು ‘ಶಾಮಿಯಾನದವರ ವಿಮಾನ’. ಮೊದಲ ವಾರ ನೋಡಲು ಬಂದವರು ನೂರಾರು, ಹತ್ತಿದವರು ನಾಲ್ವರು.

ಎರಡನೇ ತಿಂಗಳಲ್ಲೇ ಪೆಟ್ಟು ಬಿತ್ತು. ಇಳಿಯುವ ಹೊತ್ತಿಗೆ ಗಾಳಿ ತಿರುಗಿ ರೆಕ್ಕೆ ಹೋಗಿ ಜಾಲಿ ಬೇಲಿಯ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಬಟ್ಟೆ ಮಾತ್ರ ಗೇಣುದ್ದ ಹರಿಯಿತು. ಸುಂದ್ರಮ್ಮನಿಗೆ ಗಾಬರಿಯಾಗಲಿಲ್ಲ, ಹರಿದ ಬಟ್ಟೆ ಅವರಿಗೆ ಹೊಸದೇ? ಮನೆಗೆ ತಂದು ಮಧ್ಯಾಹ್ನವಿಡೀ ಮಷಿನ್ ಮುಂದೆ ಕೂತು ಎರಡೆಳೆ ಹೊಲಿಗೆ ಹಾಕಿದರು. ಎಲ್ಲಿ ಹರಿದಿತ್ತು ಎಂದು ಹುಡುಕಬೇಕು, ಅಷ್ಟು ನಾಜೂಕು. ಪರಿಮಳಾ ಅದರ ಫೋಟೊ ತೆಗೆದು ಪುಣೆಯ ಗುರುಗಳಿಗೆ ಕಳಿಸಿದಳು. ಅರ್ಧ ಗಂಟೆಯಲ್ಲಿ ಅವರ ಫೋನ್ ಬಂತು. ಹೊಲಿಗೆ ತುಂಬಾ ಚೆನ್ನಾಗಿದೆ, ಆದರೆ ಈ ರೆಕ್ಕೆಯಲ್ಲಿ ಯಾರೂ ಹಾರಬೇಡಿ ಎಂದರು. ಆ ಬಟ್ಟೆಗೆ ಪ್ರತಿ ಸೂಜಿ ತೂತೂ ಒಂದು ಗಾಯ. ಸಾಲಾಗಿ ತೂತು ಬಿದ್ದ ಕಡೆಯೇ ಗಾಳಿಯ ಒತ್ತಡಕ್ಕೆ ಮತ್ತೆ ಸೀಳಬಹುದು.

“ಮೂವತ್ತೈದು ವರ್ಷ ಹೊಲದೀನ್ರಿ. ನನ್ನ ಹೊಲಿಗಿ ಯಾರೂ ಬಿಚ್ಚಿದ್ದಿಲ್ಲ. ಅವತ್ತು ನನ್ನ ಕೈಯಿಂದ ನಾನಽ ಬಿಚ್ಚಿದೆ” ಎನ್ನುವಾಗ ಈಗಲೂ ಅವರ ಧ್ವನಿ ಸಣ್ಣದಾಗುತ್ತದೆ. “ಸಿಟ್ಟು ಬಂತು, ನಾಚಿಕಿ ಬಂತು. ಆಮ್ಯಾಗ ಅಂಜಿಕಿ ಬಂತ್ರಿ. ನನ್ನ ಹಟಕ್ಕ ಹಂಗಽ ಹಾರಿಸಿದ್ರ? ಮ್ಯಾಲ ಹೋಗಾಕಿ ನನ್ನ ಮಗಳು.”

ಫೋಟೊ ಕಳಿಸಿ ಅವ್ವನ ಮನಸ್ಸು ನೋಯಿಸಿದೆನಲ್ಲಾ ಎಂದು ಪರಿಮಳಾಗೂ ಸಂಕಟ. ನಾಲ್ಕನೆಯ ದಿನ ಸುಂದ್ರಮ್ಮನೇ ಮಗಳ ಮುಂದೆ ಚಹಾ ಇಟ್ಟು, “ನನ್ನ ಪುಣೆಕ್ಕ ಕರಕೊಂಡು ಹೋಗು. ಹೆಂಗ ಮಾಡ್ತಾರ ನೋಡ್ತೀನಿ” ಎಂದರು.

ಐವತ್ತೇಳನೆಯ ವಯಸ್ಸಿನಲ್ಲಿ ಅವರು ರೆಕ್ಕೆ ರಿಪೇರಿಯ ಕಾರ್ಖಾನೆಯೊಂದರಲ್ಲಿ ಹನ್ನೆರಡು ದಿನ ನೆಲಕ್ಕೆ ಕೂತು ಕಲಿತರು. ಅಲ್ಲಿಯವರಿಗೆ ಕನ್ನಡ ಬಾರದು, ಇವರಿಗೆ ಮರಾಠಿ ಬಾರದು. ಶಹಾಪುರದ ಬಜಾರಿನಲ್ಲಿ ಬಟ್ಟೆ ಕೊಳ್ಳುತ್ತಾ ಕಲಿತ ಉರ್ದುವಿನಲ್ಲೇ ಎಲ್ಲ ನಡೆಯಿತು. “ನನ್ನ ಮಾತು ಕೇಳಿ ನಗ್ತಿದ್ರು. ನಗ್ಲಿ. ಕೈ ನೋಡಿ ನಗಲಿಲ್ಲ.” ಯಾವ ಹರುಕಿಗೆ ಅಂಟು ಬಟ್ಟೆ ಸಾಕು, ಯಾವುದಕ್ಕೆ ಯಾವ ದಾರ, ಯಾವುದನ್ನು ಮುಟ್ಟದೆ ತಯಾರಿಸಿದವರಿಗೇ ಕಳಿಸಬೇಕು, ಹಗ್ಗ ಒಳಗೊಳಗೇ ಸವೆದಿದ್ದರೆ ಬೆರಳಿಗೆ ಹೇಗೆ ತಿಳಿಯುತ್ತದೆ ಎಂಬುದನ್ನೆಲ್ಲ ಹನ್ನೆರಡು ದಿನದಲ್ಲಿ ಬೆರಳಿಗಿಳಿಸಿಕೊಂಡು ಬಂದರು. ಹರಿದ ಭಾಗವನ್ನೇ ಬದಲಿಸಿಕೊಂಡ ರೆಕ್ಕೆಯೂ ಅವರ ಜೊತೆಗೇ ಬಂತು.

ಅಂದಿನಿಂದ ದಿನಚರಿ ಬದಲಾಗಿಲ್ಲ. ನಾಲ್ಕಕ್ಕೆ ಏಳುವುದು. ರೊಟ್ಟಿ ಬಡಿದು ಬುತ್ತಿ ಕಟ್ಟುವುದು. ಐದಕ್ಕೆ ಬಯಲು. ಒಂದು ಪೂರ್ತಿ ತಪಾಸಣೆಗೆ ನಲವತ್ತು ನಿಮಿಷ, ಒಂದೊಂದು ಹಾರಾಟದ ನಡುವೆ ಆರು ನಿಮಿಷ. ಒಂದು ಸುತ್ತು ಹನ್ನೆರಡು ನಿಮಿಷದ್ದು. ಒಂಬತ್ತರೊಳಗೆ ಐದು, ಹೆಚ್ಚೆಂದರೆ ಏಳು. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಕುಲುಕುತ್ತದೆ, ಆಗ ಬಂದ್. ವಾರಕ್ಕೆ ಎರಡು ಮೂರು ದಿನವಾದರೂ ಸುಂದ್ರಮ್ಮ “ಇವತ್ತು ಬ್ಯಾಡ” ಎನ್ನುತ್ತಾರೆ. ಯಾದಗಿರಿಯಿಂದ, ಗುರುಮಠಕಲ್‌ನಿಂದ ಮಕ್ಕಳು ಮರಿ ಕಟ್ಟಿಕೊಂಡು ಬಂದವರು ಸಿಟ್ಟಾಗುತ್ತಾರೆ, ಬೈಯುತ್ತಾರೆ. ಬೈಸಿಕೊಳ್ಳುವುದು ಮರಿಲಿಂಗಪ್ಪನವರ ಪಾಲು. “ಚಹಾ ಕುಡೀರಿ, ಮಲಗಿದ ಬುದ್ಧನಂಗಿರೋ ಗುಡ್ಡ ಇಲ್ಲಿಂದನೂ ಕಾಣ್ತದ” ಎನ್ನುತ್ತಾರೆ ಅವರು.

ಸುಂದ್ರಮ್ಮ ಒಮ್ಮೆ ಮೇಲೆ ಹೋಗಿ ಬಂದಿದ್ದಾರೆ. ಹೇಗಿತ್ತು ಎಂದರೆ ಮುಖ ಸಿಂಡರಿಸುತ್ತಾರೆ. “ಎಲ್ಲಾರೂ ಕೆಳಗ ನೋಡ್ತಾರಂತ. ನಾ ಹನ್ನೆರಡು ನಿಮಿಷ ಮ್ಯಾಲ ಬಟ್ಟಿನಽ ನೋಡಿದೆ.”

ಈ ವರ್ಷದ ಮಾರ್ಚ್ ಕೊನೆಗೆ ಹುಣಸಗಿಯಿಂದ ಅಮಾತೆಪ್ಪ ಎಂಬ ರೈತರು ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದರು. ತಾಯಿ ಚಂದಮ್ಮನಿಗೆ ಎಪ್ಪತ್ತೆಂಟು. ಗಾಡಿಯ ಸುತ್ತ ಒಂದು ಸಲ ನಡೆದು ಆಕೆ ಕೇಳಿದ್ದು ಒಂದೇ ಮಾತು: “ಇದು ನೀರ ಮ್ಯಾಲ ಹೋಗ್ತದೇನು?”

ಚಂದಮ್ಮನ ಊರಾದ ಕೇದಿಗಿಹಾಳವು ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿ ನಲವತ್ತು ವರ್ಷ ದಾಟಿದೆ. ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಗೋಡೆಗಳ ತಳ, ಬಾವಿಯ ಕಟ್ಟೆ ಕೆಸರಿನಿಂದ ಮೇಲೆ ಕಾಣುತ್ತವೆ ಎಂದು ಹೋಗಿ ನೋಡಿಬಂದ ಗಂಡಸರು ಹೇಳುತ್ತಾರೆ. ಸೊಂಟದ ತನಕ ಹೂಳುವ ಆ ಕೆಸರಿಗೆ ಇಳಿಯಲು ಆಕೆಗೆ ಎಂದೂ ಆಗಿಲ್ಲ.

ಪರಿಮಳಾ ಸ್ಪಷ್ಟವಾಗಿ ಆಗುವುದಿಲ್ಲ ಎಂದಳು. ನೀರ ಮೇಲೆ ಎಂಜಿನ್ ನಿಂತು ಬಿದ್ದರೆ ಹಗ್ಗ, ಬಟ್ಟೆ ಮೈಗೆ ಸುತ್ತಿಕೊಳ್ಳುತ್ತವೆ. ಈಜು ಬಂದವರೂ ಉಳಿಯುವುದು ಕಷ್ಟ. ಅದು ಅವಳು ಅದುವರೆಗೆ ಮುರಿಯದ ನಿಯಮ. ಚಂದಮ್ಮ ವಾದ ಮಾಡಲಿಲ್ಲ. ಸುಂದ್ರಮ್ಮ ಕೊಟ್ಟ ಮಜ್ಜಿಗೆ ಹಿಡಿದು ನೆರಳಲ್ಲಿ ಕೂತು ತಮ್ಮ ಪಾಡಿಗೆ ಮಾತಾಡಿದರು.

“ಬಾಗಲಾ ತೊಲಿ ಎಲ್ಲಾ ಕಿತ್ತು ಬಂಡ್ಯಾಗ ಹೇರಿದ್ವಿ. ಬಾಗಲಾ ತಂದ್ವಿ ಖರೆ, ಹಾಕಲಿಕ್ಕ ಮನಿನಽ ಇರ್ಲಿಲ್ಲ. ಎರಡು ವರ್ಷ ಅದನ್ನ ನೆಲಕ್ಕ ಹಾಕಿ ಅದರ ಮ್ಯಾಲ ಮಲಗೇವಿ” ಎಂದರಂತೆ.

ವಾರದ ನಂತರ ಸುಂದ್ರಮ್ಮ ಮಗಳನ್ನು ಕೇಳಿದರು: ಎಷ್ಟು ಎತ್ತರದಲ್ಲಿ ಎಂಜಿನ್ ನಿಂತರೆ ಎಷ್ಟು ದೂರ ತೇಲಿಕೊಂಡು ಬರಬಹುದು? ಮುನ್ನೂರು ಮೀಟರ್ ಮೇಲಿದ್ದರೆ, ಗಾಳಿ ಎದುರಿಲ್ಲದಿದ್ದರೆ, ಒಂದೂವರೆ ಕಿಲೋಮೀಟರ್ ಎಂದಳು ಪರಿಮಳಾ. ಊರು ದಂಡೆಯಿಂದ ಎಷ್ಟು ಒಳಗಿದೆ? ಅದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಏಪ್ರಿಲ್ ಕೊನೆಗೆ ನೀರು ಇಳಿಯತೊಡಗಿದಾಗ ಸುಂದ್ರಮ್ಮ ಬಸ್ಸು ಹತ್ತಿ ಹುಣಸಗಿಗೆ ಹೋದರು. ಅಮಾತೆಪ್ಪನವರೊಂದಿಗೆ ಹಿನ್ನೀರಿನ ದಂಡೆಯಲ್ಲಿ ಮೂರು ದಿನ ನಡೆದರು. ಕೇದಿಗಿಹಾಳದ ಗೋಡೆಗಳು ದಂಡೆಯಿಂದ ಅರ್ಧ ಕಿಲೋಮೀಟರ್ ಒಳಗಿದ್ದವು. ಕೊಯ್ಲಾದ ಭತ್ತದ ಗದ್ದೆಗಳ ಪಕ್ಕ ಬೀಳುಬಿಟ್ಟ ಉದ್ದನೆಯ ಹೊಲವೊಂದನ್ನು ಆಯ್ದುಕೊಂಡು ಕಲ್ಲು ಆರಿಸಿದರು, ಕಳ್ಳಿ ಕಡಿಸಿದರು. ಕರೆಂಟಿನ ತಂತಿ ಎಲ್ಲೆಲ್ಲಿ ಹಾದಿದೆ ಎಂದು ಕಾಗದದ ಮೇಲೆ ಗೀಟು ಹಾಕಿಕೊಂಡರು. ಅದನ್ನು ಮಗಳ ಮುಂದಿಟ್ಟು, “ನನಗ ತಿಳದಷ್ಟು ನೋಡೀನಿ. ಹಾರಾಕಿ ನೀನು. ಬ್ಯಾಡ ಅಂದ್ರ ಬ್ಯಾಡ” ಎಂದರು. ಪರಿಮಳಾ ಎರಡು ದಿನ ಯೋಚಿಸಿದಳು. ಒಬ್ಬಳೇ ಹೋಗಿ ಜಾಗ ನೋಡಿ ಬಂದಳು. ಆ ಒಂದು ಹಾರಾಟಕ್ಕೆ ಬೇರೆ ಅನುಮತಿ ಪಡೆದಳು.

ಮೇ ಎರಡನೇ ವಾರ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಹೋದರು. ಮೊದಲ ದಿನ, ಸುಂದ್ರಮ್ಮ ಸೆರಗಿನಲ್ಲಿ ಕಟ್ಟಿ ತಂದಿದ್ದ ಹತ್ತಿಯ ಎಳೆ ನೇರ ನೀರಿನ ಕಡೆಗೆ ಹಾರಿತು. ಆ ಗಾಳಿಯಲ್ಲಿ ಹೋಗುವುದು ಸುಲಭ, ಮರಳುವುದು ಕಷ್ಟ. ಹೊಸ ಇಳಕಲ್ ಸೀರೆಯುಟ್ಟು, ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂತಿದ್ದ ಚಂದಮ್ಮನ ಬೆಲ್ಟನ್ನು ಸುಂದ್ರಮ್ಮ ತಾವೇ ಬಿಚ್ಚಿದರು.

“ಯವ್ವಾ, ಇವತ್ತು ಬ್ಯಾಡ.”

“ನಾಳಿ ನಾ ಇರ್ತೀನೋ ಇಲ್ಲೋ” ಎಂದು ಚಂದಮ್ಮ ಅತ್ತರು. ಅಮಾತೆಪ್ಪನವರೂ ಒಂದೇ ಒಂದು ಸುತ್ತು ಎಂದು ಕೈ ಮುಗಿದರು. ಸುಂದ್ರಮ್ಮ ಕದಲಲಿಲ್ಲ. ಆದರೆ ಮನೆಗೂ ಹೋಗಲಿಲ್ಲ. ದಂಡೆಯ ಹಳ್ಳಿಯಲ್ಲಿ ಪರಿಚಯವಾದವರ ಮನೆಯಲ್ಲಿ ಚಂದಮ್ಮನ ಜೊತೆಗೇ ಉಳಿದರು.

ಮರುದಿನ ಬೆಳಿಗ್ಗೆ ಎಳೆ ಸುಮ್ಮನೆ ಅವರ ಕಾಲ ಬಳಿ ಬಿತ್ತು. “ಹೊಂಡು” ಎಂದರು.

ಗಾಡಿ ಓಡಿತು, ಎದ್ದಿತು, ಹೊಲದ ಮೇಲೆಯೇ ಸುತ್ತು ಹಾಕುತ್ತಾ ಎತ್ತರಕ್ಕೇರಿತು. ಮುನ್ನೂರು ಮೀಟರ್ ಆದ ಮೇಲಷ್ಟೇ ನೀರಿನ ಕಡೆ ತಿರುಗಿತು. ಸುಂದ್ರಮ್ಮ ಕೆಳಗೆ ನಿಂತು ಎಂಜಿನ್ನಿನ ಸದ್ದು ಕೇಳುತ್ತಿದ್ದರು. ದೂರ ಹೋದಂತೆ ಅದು ಜೇನುಹುಳದ ಸದ್ದಿನಷ್ಟಾಯಿತು. ಆಮೇಲೆ ಇದ್ದಕ್ಕಿದ್ದಂತೆ ಏನೂ ಕೇಳಿಸಲಿಲ್ಲ.

“ಬಟ್ಟಿ ಕಾಣ್ಲಿಕತ್ತಿತ್ತು, ತೇಲ್ಲಿಕತ್ತಿತ್ತು, ಸದ್ದಿಲ್ಲ. ನಮ್ಮ ಮನಿಯವರು ನನ್ನ ರಟ್ಟಿ ಹಿಡಕೊಂಡು ನಿಂತ್ರು. ಹಗ್ಗ ಎಣಸಲಿಕತ್ತೆ ಮನಸಿನಾಗ. ಮುಂಜಾನಿ ಮುಟ್ಟಿದ್ದ ಒಂದೊಂದು ಹಗ್ಗಾನೂ ಮತ್ತ ಮುಟ್ಟಿದೆ” ಎನ್ನುತ್ತಾರೆ ಸುಂದ್ರಮ್ಮ.

ಒಂದು ನಿಮಿಷ ಇದ್ದಿರಬಹುದು. ಸದ್ದು ಮತ್ತೆ ಎದ್ದಿತು. ರೆಕ್ಕೆ ದಂಡೆಯ ಕಡೆ ತಿರುಗಿತು.

ಇಳಿದ ಮಗಳನ್ನು ಅವರು ಮೊದಲು ಬೈದರು. ಪರಿಮಳಾ ಹೆಲ್ಮೆಟ್ ತೆಗೆದು, “ಚಂದಮ್ಮ ಆಯಿ ಏನೋ ಕೇಳ್ಲಿಕತ್ತಿದ್ಳು ಯವ್ವಾ, ಸದ್ದಿನಾಗ ಕೇಳಸ್ಲಿಲ್ಲ. ಅದಕ್ಕ ಎಂಜಿನ್ ಸಣ್ಣ ಮಾಡಿದೆ, ಬಂದ್ ಮಾಡಿಲ್ಲ” ಎಂದಳು.

“ಏನು ಕೇಳಿದ್ಳು?”

“‘ನಮ್ಮೂರು ಇಷ್ಟಽ ಸಣ್ಣದಿತ್ತೇನು?’ ಅಂದ್ಳು.”

ಚಂದಮ್ಮ ಸೀಟಿನಿಂದ ಇಳಿಯದೆ ಹಾಗೇ ಕೂತಿದ್ದರು. ನಾಲ್ಕು ದಶಕ ಅವರ ತಲೆಯೊಳಗೆ ಬೆಳೆದಿದ್ದ ಊರು, ಉದ್ದುದ್ದ ಓಣಿಗಳ ಊರು, ಮೇಲಿನಿಂದ ಎರಡು ಹೊಲದಷ್ಟು ಜಾಗದ ಗೀಟುಗಳಾಗಿ ಕಂಡಿತ್ತು. ಅಳುತ್ತಾರೇನೋ ಎಂದು ಎಲ್ಲರೂ ಕಾದರು. ಅವರು ನಕ್ಕರು. “ಬಾವಿಯಿಂದ ನಮ್ಮ ಮನಿಗೆ ನೀರು ಹೊತ್ತು ಹೊತ್ತು ಸೊಂಟ ಮುರೀತು ಅಂತ ಅತ್ತಿ ಜೋಡಿ ಜಗಳಾಡ್ತಿದ್ದೆ. ಇಷ್ಟಽ ದೂರ! ಪಾಪ, ಆಕಿ ಖರೆನಽ ಹೇಳ್ತಿದ್ಳು.”

ಸುದ್ದಿ ಹುಣಸಗಿಯಿಂದ ರಾಮಸಮುದ್ರದವರೆಗೆ ಹೋಯಿತು. ಹತ್ತು ದಿನದಲ್ಲಿ ಅದೇ ಹೊಲಕ್ಕೆ ಕೇದಿಗಿಹಾಳದ ಒಂಬತ್ತು ಮಂದಿ ಬಂದರು. ಚದುರಿ ಹೋದ ಮೇಲೆ ಒಬ್ಬರ ಮುಖ ಒಬ್ಬರು ಕಾಣದವರೂ ಅವರಲ್ಲಿದ್ದರು. ಅನುಮತಿ ಇದ್ದದ್ದು ಒಂದೇ ಹಾರಾಟಕ್ಕೆ, ಮೇಲಾಗಿ ಮುಂಗಾರಿನ ಮುನ್ನಿನ ಗಾಳಿ ಎದ್ದಿತ್ತು. ಯಾರಿಗೂ ಹಾರಲಾಗಲಿಲ್ಲ. ಚಂದಮ್ಮ ಕೋಲು ಹಿಡಿದು ನೆಲದ ಮೇಲೆ ತಾವು ಕಂಡ ಊರನ್ನು ಬರೆದರು. ಇದು ನಮ್ಮ ಮನೆ, ಅಲ್ಲ ಅದು ನಮ್ಮ ದನದ ಕೊಟ್ಟಿಗೆ, ಈ ಓಣಿ ಹೀಗೆ ತಿರುಗುತ್ತಿರಲಿಲ್ಲ ಎಂದು ಒಂಬತ್ತು ಜನ ಮಧ್ಯಾಹ್ನದವರೆಗೆ ಜಗಳಾಡಿದರು. ಸುಂದ್ರಮ್ಮ ಅವರಿಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾರಾಟವಿಲ್ಲ. ರೆಕ್ಕೆ ಚೀಲ ಸೇರುತ್ತದೆ, ಸುಂದ್ರಮ್ಮ ಮತ್ತೆ ಸಮವಸ್ತ್ರ ಹೊಲಿಯುತ್ತಾರೆ. ಈ ದಸರೆಗೆ ಒಂದು ವರ್ಷ ತುಂಬಿ, ಎರಡನೆಯ ಹಂಗಾಮು ಶುರುವಾಗಿದೆ. ಬಯಲಿನಲ್ಲಿ ಹೆಂಗಸರಿಗೊಂದು ಶೌಚಾಲಯ ಕಟ್ಟಿಸುವ ಯೋಚನೆ ಮರಿಲಿಂಗಪ್ಪನವರದು, ಇನ್ನೊಂದು ರೆಕ್ಕೆ ತರುವ ಆಸೆ ಪರಿಮಳಾಳದು. ನಿಮ್ಮದೇನು ಎಂದು ಸುಂದ್ರಮ್ಮನನ್ನು ಕೇಳಿದೆ.

“ಬರೋ ಮೇ ತಿಂಗಳದಾಗ ಕೇದಿಗಿಹಾಳದವರು ಎಲ್ಲೆಲ್ಲಿ ಅದಾರ ಅಷ್ಟೂ ಮಂದಿ ಒಂದಽ ದಿನ ಆ ಹೊಲಕ್ಕ ಬರ್ಬೇಕ್ರಿ. ಪರವಾನಗಿ ಕಾಗದ ಈಗಿಂದಽ ಮಾಡಿಸ್ಲಿಕತ್ತೇವಿ. ಹಾರೋರು ಹಾರ್ಲಿ, ಅಂಜೋರು ಕೂತು ಮಾತಾಡ್ಲಿ. ಅಷ್ಟಾದ್ರ ಸಾಕು.”

ಕೆಲಸದ ಬಗ್ಗೆ ಹೆಮ್ಮೆ ಇಲ್ಲವೇ ಎಂದದ್ದಕ್ಕೆ ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು, ಮುಂದಿನ ಸುತ್ತಿಗೆ ರೆಕ್ಕೆ ಹರವತೊಡಗಿದರು. ಒಂದು ತುದಿ ನನ್ನ ಕೈಗೂ ಕೊಟ್ಟರು.

“ವರ್ಷದಾಗ ಆರುನೂರ ಹನ್ನೊಂದು ಸಲ ಮ್ಯಾಲ ಹೋಗ್ಯಾಳ್ರಿ ನನ್ನ ಮಗಳು” ಎಂದರು. “ಆರುನೂರ ಹನ್ನೊಂದು ಸಲ ಕೆಳಗ ಬಂದಾಳ.”